ಎಲೆಗೊಂದು ಜಾಗ: ಬಡಾವಣೆಯ ಬೆಳಗಿನ ಹೊಗೆ ನಿಲ್ಲಿಸಲು ಸಮಗ್ರ ಮಾರ್ಗದರ್ಶಿ

ಶಿರಸಿ ಕಡೆಯ ನಮ್ಮೂರಲ್ಲಿ ಸಂಕ್ರಾಂತಿ ಕಳೆಯಿತೆಂದರೆ ಹೆಂಗಸರು ದರಕು ತರಲು ಹೊರಡುತ್ತಿದ್ದರು. ತೋಟಕ್ಕೆ ಸೊಪ್ಪು ತರುವ ಕಾಡಾದ ಸೊಪ್ಪಿನಬೆಟ್ಟದಲ್ಲಿ ಉದುರಿದ ಒಣ ಎಲೆಯನ್ನು ಗುಡಿಸಿ, ಬುಟ್ಟಿಯಲ್ಲಿ ತುಳಿದು ತುಂಬಿ, ತಲೆಯ ಮೇಲೆ ಹೊತ್ತು ತಂದು ಕೊಟ್ಟಿಗೆಗೆ ಹಾಸುತ್ತಿದ್ದರು. ಮುಂದೆ ಅದೇ ಗೊಬ್ಬರವಾಗಿ ಅಡಿಕೆ ತೋಟ ಸೇರುತ್ತಿತ್ತು. ಪಕ್ಕದ ಮನೆಯವರಿಗಿಂತ ಎರಡು ಬುಟ್ಟಿ ಹೆಚ್ಚು ಸಿಕ್ಕಿದ ದಿನ ಅಮ್ಮನಿಗೆ ಸಂಭ್ರಮವೋ ಸಂಭ್ರಮ.

ಬೆಂಗಳೂರಿಗೆ ಬಂದ ಮೊದಲ ಜನವರಿಯಲ್ಲಿ ಅದೇ ಒಣ ಎಲೆಯನ್ನು ರಸ್ತೆ ಬದಿಗೆ ಗುಡ್ಡೆ ಹಾಕಿ ಸುಡುವುದನ್ನು ನೋಡಿದೆ. ಮಗಳನ್ನು ಶಾಲೆಯ ವ್ಯಾನಿಗೆ ಹತ್ತಿಸಲು ನಿಂತಿದ್ದೆ. ಮಂಜಿನ ಜೊತೆ ಹೊಗೆ ಬೆರೆತು ಬೀದಿಯ ಆ ತುದಿ ಕಾಣುತ್ತಿರಲಿಲ್ಲ. ಅವಳು ಕೆಮ್ಮುತ್ತಲೇ ವ್ಯಾನ್ ಹತ್ತಿದಳು. ಅಲ್ಲಿಂದ ಮುಂದೆ ನಮ್ಮ ಬಡಾವಣೆಯಲ್ಲಿ ಕೆಲವರು ಸೇರಿ ಮಾಡಿದ ಕೆಲಸದಿಂದ ಕಲಿತದ್ದನ್ನೆಲ್ಲ ಇಲ್ಲಿ ಬರೆದಿದ್ದೇನೆ. ಮರಗಳಿರುವ ಯಾವ ಊರಿಗಾದರೂ ಇದು ಹೊಂದುತ್ತದೆ. ಕೇಂದ್ರ ಸರ್ಕಾರ 2019ರಲ್ಲಿ ಆರಂಭಿಸಿದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದ ಪಟ್ಟಿಯಲ್ಲಿ ಬೆಂಗಳೂರಿನ ಜೊತೆ ದಾವಣಗೆರೆ, ಹುಬ್ಬಳ್ಳಿ-ಧಾರವಾಡ, ಕಲಬುರಗಿಯೂ ಇವೆ. ಅಲ್ಲಿನ ಓದುಗರಿಗಂತೂ ಇದು ನೇರವಾಗಿ ಸಂಬಂಧಿಸಿದ್ದು.

ಬೆಂಗಳೂರಿನ ಗಾಳಿ ಕೆಡಲು ದೊಡ್ಡ ಕಾರಣ ವಾಹನಗಳು ಮತ್ತು ರಸ್ತೆಯ ಧೂಳು. ಅದನ್ನು ಮರೆಮಾಚಬೇಕಿಲ್ಲ. ಆದರೆ ಬಸ್ಸು, ಮೆಟ್ರೊ, ರಸ್ತೆಯ ಡಾಂಬರು ಒಂದು ಬೀದಿಯವರ ಕೈಯಲ್ಲಿಲ್ಲ. ಕಸ ಸುಡುವ ಹೊಗೆ ಹಾಗಲ್ಲ. ಅದು ನಮ್ಮದೇ ಮನೆಯ ಮುಂದೆ, ಮಕ್ಕಳ ಮೂಗಿನ ಮಟ್ಟದಲ್ಲಿ, ಅವರು ಶಾಲೆಗೆ ಹೊರಡುವ ಹೊತ್ತಿಗೇ ಏಳುತ್ತದೆ. ಒಂದೆರಡು ಚಳಿಗಾಲದಲ್ಲಿ ಅದನ್ನು ನಿಲ್ಲಿಸಲೂ ಸಾಧ್ಯ. ಎಲೆ ಹೋಗಲು ಒಂದು ಜಾಗ ಸಿಕ್ಕಿದರೆ ಬೆಂಕಿ ತಾನಾಗಿ ಇಳಿಯುತ್ತದೆ. ಜಾಗ ಕೊಡದೆ ದೂರು ಮಾತ್ರ ಕೊಟ್ಟರೆ ಬೆಂಕಿ ಪಕ್ಕದ ಬೀದಿಗೆ ಹೋಗುತ್ತದೆ.

ಮೊದಲ ಹೆಜ್ಜೆ: ಎರಡು ವಾರ ಹೊಗೆಯ ಲೆಕ್ಕ ಬರೆಯಿರಿ

ಸಭೆ ಕರೆಯುವ ಮೊದಲು, ಬ್ಯಾನರ್ ಕಟ್ಟುವ ಮೊದಲು, ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಬೆಳಗಿನ ವಾಕಿಂಗ್‌ಗೆ ಹೋಗುವ ನಾಲ್ಕೈದು ಜನ ಸಿಕ್ಕರೆ ಸಾಕು. ಹೊಗೆ ಕಂಡಲ್ಲೆಲ್ಲ ದಿನಾಂಕ, ಗಂಟೆ, ಜಾಗ, ಏನು ಸುಡುತ್ತಿತ್ತು ಎಂದು ಬರೆದಿಡಿ. ‘ಏನು’ ಎಂಬ ಕಾಲಂ ಬಹಳ ಮುಖ್ಯ. ಬರೀ ಎಲೆಯೇ, ಎಲೆಯ ಜೊತೆ ಪ್ಲಾಸ್ಟಿಕ್ ಇದೆಯೇ, ಮನೆಕಸವೇ, ಹಳೇ ಹಾಸಿಗೆಯೇ, ವೈರೇ? ಒಂದೊಂದಕ್ಕೂ ಮದ್ದು ಬೇರೆ.

ಜಾಗದ ಫೋಟೊ ತೆಗೆಯಿರಿ, ಮನುಷ್ಯರ ಮುಖದ್ದು ಬೇಡ. ಪೊರಕೆ ಹಿಡಿದ ಹೆಂಗಸಿನ ಫೋಟೊವನ್ನು ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿ ಬೈಯುವುದರಿಂದ ಕೆಲಸ ಶುರುವಾದರೆ ಅದು ಅಲ್ಲಿಗೇ ಮುಗಿಯುತ್ತದೆ. ನಮ್ಮ ಗುಂಪಿನಲ್ಲೂ ಒಮ್ಮೆ ಹಾಗಾಯಿತು. ಆಮೇಲೆ ಮೂರು ತಿಂಗಳು ಪೌರಕಾರ್ಮಿಕರು ನಮ್ಮ ಜೊತೆ ಮುಖ ಕೊಟ್ಟು ಮಾತಾಡಲಿಲ್ಲ. ಅವರ ಸಿಟ್ಟು ನ್ಯಾಯವಾಗಿತ್ತು.

ಎರಡು ವಾರ ಕಳೆದ ಮೇಲೆ ಬಡಾವಣೆಯ ನಕ್ಷೆಯೊಂದನ್ನು ಪ್ರಿಂಟ್ ತೆಗೆಸಿ, ಬರೆದಿಟ್ಟ ಜಾಗಗಳಿಗೆ ಚುಕ್ಕಿ ಹಾಕಿ. ಹೊಗೆ ಎಲ್ಲ ಕಡೆ ಇದೆ ಎಂದು ಅನ್ನಿಸಿರುತ್ತದೆ. ಚುಕ್ಕಿಗಳು ಮಾತ್ರ ಮತ್ತೆ ಮತ್ತೆ ಅದೇ ಕೆಲವು ಜಾಗಗಳಲ್ಲಿ ಬೀಳುತ್ತವೆ: ಪಾರ್ಕಿನ ಹಿಂಬದಿ, ಖಾಲಿ ಸೈಟು, ದೊಡ್ಡ ಮಳೆಮರದ ಕೆಳಗೆ, ಕಟ್ಟಡ ಕೆಲಸ ನಡೆಯುತ್ತಿರುವ ಕಡೆ. ಇಡೀ ಬಡಾವಣೆಯನ್ನು ತಿದ್ದುವ ಕೆಲಸ ಹೀಗೆ ಏಳೆಂಟು ಜಾಗಗಳ ಕೆಲಸವಾಗಿ ಕೈಗೆ ಸಿಗುತ್ತದೆ.

ಎರಡನೇ ಹೆಜ್ಜೆ: ಸುಡುವವರನ್ನು ಕೇಳಿ

ಈ ಹೆಜ್ಜೆಗೆ ಎಲ್ಲಕ್ಕಿಂತ ಹೆಚ್ಚು ಸಮಯ ಕೊಡಿ. ಬೆಳಗ್ಗೆ ಆರೂವರೆಗೆ ಹೋಗಿ, ಜೊತೆಗೊಂದು ಫ್ಲಾಸ್ಕ್ ಟೀ ಇರಲಿ. ‘ಯಾಕೆ ಸುಡ್ತೀರಿ’ ಎಂದು ಕೇಳಬೇಡಿ. ‘ಎಲೆ ಗುಡಿಸಿದ ಮೇಲೆ ಎಲ್ಲಿ ಹಾಕಬೇಕು ಅಂತ ಹೇಳಿದ್ದಾರೆ ಅಕ್ಕಾ?’ ಎಂದು ಕೇಳಿ. ನಮಗೆ ಸಿಕ್ಕ ಉತ್ತರ ಇದು:

‘ಎಲ್ಲಿ ಅಂತ ಯಾರೂ ಹೇಳಿಲ್ಲ ಸಾರ್. ಆಟೋದವ್ರು ಎಲೆ ಮುಟ್ಟಲ್ಲ, ಅವ್ರ ಗಾಡಿ ಮನೆ ಕಸಕ್ಕೇ ತುಂಬೋಗುತ್ತೆ. ಮೇಸ್ತ್ರಿ ಬರೋವಷ್ಟ್ರಲ್ಲಿ ರೋಡು ಕ್ಲೀನಾಗಿರ್ಬೇಕು. ಇಷ್ಟು ಎಲೆ ನಾನೇನ್ ತಲೆ ಮೇಲೆ ಹೊತ್ಕೊಂಡ್ ಹೋಗ್ಲಾ?’

ಇದರಲ್ಲಿ ಸಮಸ್ಯೆಯ ಪೂರ್ತಿ ಚಿತ್ರವಿದೆ. ಹಸಿ ಕಸಕ್ಕೊಂದು ದಾರಿಯಿದೆ, ಒಣ ಕಸಕ್ಕೊಂದು ದಾರಿಯಿದೆ, ಎಲೆಗೆ ಮಾತ್ರ ಇಲ್ಲ. ರಸ್ತೆ ಚೊಕ್ಕವಾಗಿ ಕಾಣಬೇಕೆಂದು ಒತ್ತಾಯಿಸುವವರು ನಾವು. ಆ ಒತ್ತಾಯದ ಹೊಗೆ ಮೊದಲು ಹೋಗುವುದು ಬಗ್ಗಿ ಬೆಂಕಿ ಹಚ್ಚುವವರ ಶ್ವಾಸಕೋಶಕ್ಕೆ.

ಸುಡುವವರು ಇನ್ನೂ ಬೇರೆ ಇರುತ್ತಾರೆ. ಡಿಸೆಂಬರಿನ ರಾತ್ರಿ ಪಾಳಿಯ ವಾಚ್‌ಮನ್ ಚಳಿ ಕಾಯಿಸಲು ರಟ್ಟು, ಎಲೆ, ಕೈಗೆ ಸಿಕ್ಕ ಕವರು ಎಲ್ಲ ಹಾಕುತ್ತಾನೆ. ಅವನಿಗೆ ಬೇಕಾದದ್ದು ದಪ್ಪ ಸ್ವೆಟರು, ಕಂಬಳಿ, ಗಾಳಿ ತಡೆಯುವ ಒಂದು ಮರೆ, ಬಿಸಿನೀರಿನ ಕೆಟಲ್. ಅಪಾರ್ಟ್‌ಮೆಂಟ್ ಸಂಘದ ಒಂದು ತಿಂಗಳ ಸಣ್ಣ ಖರ್ಚಿನಲ್ಲಿ ಇದು ಮುಗಿಯುತ್ತದೆ, ಮಾಡಿಬಿಡಿ. ತೋಟದ ಕೆಲಸಕ್ಕೆ ಬರುವವರು ಮನೆಯೊಡೆಯರು ಹೇಳಿದ್ದಕ್ಕೇ ಸುಡುತ್ತಾರೆ, ಆದ್ದರಿಂದ ಮಾತಾಡಬೇಕಾದದ್ದು ಮನೆಯೊಡೆಯರ ಜೊತೆ. ಅಂಗಡಿ ಸಾಲಿನವರು ರಾತ್ರಿ ಬಾಗಿಲು ಹಾಕುವಾಗ ರಟ್ಟು, ಥರ್ಮೊಕೋಲ್ ಸುಡುವುದುಂಟು. ಕಸದ ಗಾಡಿ ಬೆಳಗ್ಗೆ ಬರುವಾಗ ಅವರ ಅಂಗಡಿ ತೆರೆದಿರುವುದಿಲ್ಲ. ಗಾಡಿಯ ವೇಳೆಯಲ್ಲಿ ಒಂದು ಹೊಂದಾಣಿಕೆಯಾದರೆ ಆ ಬೆಂಕಿ ನಿಲ್ಲುತ್ತದೆ.

ಮೂರನೇ ಹೆಜ್ಜೆ: ಬೇಕಿದ್ದರೆ ಅಳೆಯಿರಿ, ಅಳತೆಯನ್ನು ಸರಿಯಾಗಿ ಓದಿ

‘ಆ್ಯಪ್‌ನಲ್ಲಿ ಗಾಳಿ ಚೆನ್ನಾಗಿದೆ ಅಂತ ತೋರಿಸ್ತಿದೆಯಲ್ಲ’ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಅವರಿಗೆ ಉತ್ತರ ಗೊತ್ತಿರಲಿ.

ಹೊಗೆಯಲ್ಲಿ ನಮ್ಮನ್ನು ಹೆಚ್ಚು ಕಾಡುವುದು ಪಿಎಂ 2.5, ಅಂದರೆ 2.5 ಮೈಕ್ರೊಮೀಟರ್‌ಗಿಂತ ಸಣ್ಣ ಕಣಗಳು. ಕೂದಲೆಳೆಯ ದಪ್ಪದ ಮೂವತ್ತನೇ ಒಂದು ಭಾಗದಷ್ಟಿರುವ ಇವು ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ. ಭಾರತದ 2009ರ ಮಾನದಂಡದಂತೆ ಇದರ 24 ಗಂಟೆಯ ಸರಾಸರಿ ಒಂದು ಘನ ಮೀಟರ್ ಗಾಳಿಯಲ್ಲಿ 60 ಮೈಕ್ರೊಗ್ರಾಂ ಮೀರಬಾರದು, ವರ್ಷದ ಸರಾಸರಿ 40 ದಾಟಬಾರದು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ ಮಿತಿ ಇನ್ನೂ ಬಿಗಿ: ದಿನಕ್ಕೆ 15, ವರ್ಷಕ್ಕೆ 5.

ಆ್ಯಪ್ ತೋರಿಸುವ ವಾಯು ಗುಣಮಟ್ಟ ಸೂಚ್ಯಂಕ 24 ಗಂಟೆಯ ಸರಾಸರಿಯ ಮೇಲೆ ನಿಂತಿದೆ. ಒಂದು ಲೆಕ್ಕ ಹಾಕೋಣ. ಬೆಳಗ್ಗೆ ಒಂದು ಗಂಟೆ ಹೊಗೆಯಲ್ಲಿ ಪಿಎಂ 2.5 ಮಟ್ಟ 300 ಇತ್ತು, ಉಳಿದ 23 ಗಂಟೆ 35 ಇತ್ತು ಎಂದುಕೊಳ್ಳಿ. ಸರಾಸರಿ 46 ಬರುತ್ತದೆ. ಮಿತಿಯೊಳಗೇ ಇದೆ, ಸೂಚ್ಯಂಕವೂ ‘ತೃಪ್ತಿಕರ’ ಎನ್ನುತ್ತದೆ. ಆದರೆ ಮಗು ವ್ಯಾನಿಗೆ ಕಾದು ನಿಂತದ್ದು ಆ 300ರ ಗಂಟೆಯಲ್ಲಿ. ಸಾಲದ್ದಕ್ಕೆ ಮಾಲಿನ್ಯ ನಿಯಂತ್ರಣ ಮಂಡಳಿಯ ಮಾಪನ ಕೇಂದ್ರ ಇರುವುದು ಹೆಬ್ಬಾಳದಲ್ಲೋ ಜಯನಗರದಲ್ಲೋ ಪೀಣ್ಯದಲ್ಲೋ, ನಿಮ್ಮ ಬೀದಿಯಲ್ಲಲ್ಲ. ಚಳಿಗಾಲದ ಬೆಳಗ್ಗೆ ನೆಲದ ಹತ್ತಿರದ ಗಾಳಿ ತಣ್ಣಗಿದ್ದು ಮೇಲಿನ ಗಾಳಿ ಬೆಚ್ಚಗಿರುತ್ತದೆ. ಅದು ಮುಚ್ಚಳ ಹಾಕಿದ ಹಾಗೆ. ಹೊಗೆ ಮೇಲೇಳದೆ ಬೀದಿಯಲ್ಲೇ ಸುತ್ತುತ್ತದೆ.

ಯಾರಾದರೂ ಒಬ್ಬರು ಸಣ್ಣ ಸೆನ್ಸರ್ ಕೊಂಡರೆ ಒಳ್ಳೆಯದು, ಕೊಳ್ಳದಿದ್ದರೂ ಕೆಲಸ ನಿಲ್ಲುವುದಿಲ್ಲ. ಕೊಂಡರೆ ಅಡುಗೆಮನೆಯ ಹೊಗೆ ಮತ್ತು ಎಸಿ ಗಾಳಿ ತಾಗದ ಕಡೆ, ಬಿಸಿಲು ಮಳೆ ಬೀಳದಂತೆ, ಆಳೆತ್ತರಕ್ಕಿಂತ ತುಸು ಮೇಲೆ ಇಡಿ. ಈ ಅಗ್ಗದ ಸೆನ್ಸರ್‌ಗಳು ಕಣಗಳ ಮೇಲೆ ಬೆಳಕು ಹಾಯಿಸಿ ಅಳೆಯುತ್ತವೆ. ಹಾಗಾಗಿ ದಟ್ಟ ಮಂಜಿದ್ದ ದಿನ ಇರುವುದಕ್ಕಿಂತ ಹೆಚ್ಚು ತೋರಿಸುತ್ತವೆ. ‘ನಮ್ಮ ಬೀದಿಯಲ್ಲಿ ಇಷ್ಟೇ ಇತ್ತು’ ಎಂದು ಅದರ ಅಂಕಿ ಹಿಡಿದು ಜಗಳಕ್ಕೆ ಹೋಗಬೇಡಿ. ಸುಟ್ಟ ದಿನಕ್ಕೂ ಸುಡದ ದಿನಕ್ಕೂ ಇರುವ ವ್ಯತ್ಯಾಸ ನೋಡಲು ಮಾತ್ರ ಬಳಸಿ. ಗ್ರಾಫಿನಲ್ಲಿ ದಿನವೂ ಅದೇ ಹೊತ್ತಿಗೆ ಏಳುವ ಕೋಡನ್ನು ಒಮ್ಮೆ ತೋರಿಸಿದರೆ ಸಭೆಯಲ್ಲಿ ಮಾತು ಬೇಗ ಮುಂದೆ ಸಾಗುತ್ತದೆ.

ನಾಲ್ಕನೇ ಹೆಜ್ಜೆ: ಎಲೆಗೆ ಜಾಗ ಹುಡುಕಿ

ಎಲೆ ಗೊಬ್ಬರ ಎಂದ ಕೂಡಲೇ ಎಲ್ಲರೂ ಯಂತ್ರದ ಕಡೆ ನೋಡುತ್ತಾರೆ. ಅದಕ್ಕಿಂತ ಹಗುರವಾದ ಎರಡು ದಾರಿ ಮೊದಲು ನೋಡಿ.

ಒಂದು, ಮರದ ಬುಡ. ಉದುರಿದ ಎಲೆ ಮರದ ಕೆಳಗೇ ಹೊದಿಕೆಯಾಗಿ ಉಳಿದರೆ ಹೊರುವುದೂ ಇಲ್ಲ, ಸುಡುವುದೂ ಇಲ್ಲ. ಬೇಸಿಗೆಯಲ್ಲಿ ಮಣ್ಣಿನ ತೇವ ಆರುವುದಿಲ್ಲ, ಗಿಡಕ್ಕೆ ಹಾಕುವ ನೀರೂ ಉಳಿಯುತ್ತದೆ. ಪಾರ್ಕಿನಲ್ಲಿ ಇದಕ್ಕೆ ಬೇಕಾದದ್ದು ತೋಟಗಾರಿಕೆ ವಿಭಾಗದ ಒಂದು ಒಪ್ಪಿಗೆ ಮಾತ್ರ. ಎಲೆ ಬಿದ್ದ ನೆಲ ಗಲೀಜಲ್ಲ ಎಂಬುದನ್ನು ವಾಕಿಂಗ್‌ಗೆ ಬರುವ ಹಿರಿಯರಿಗೆ ಒಪ್ಪಿಸುವುದೇ ಇಲ್ಲಿ ಕಷ್ಟದ ಕೆಲಸ. ಓಡಾಡುವ ದಾರಿಯನ್ನು ಪೂರ್ತಿ ಗುಡಿಸಿ, ಗಿಡದ ಪಾತಿಗೆ ಮಾತ್ರ ಎಲೆ ಹಾಕಿದರೆ ಒಪ್ಪುತ್ತಾರೆ.

ಎರಡು, ತಾರಸಿ ತೋಟದವರು. ಮನೆಯಲ್ಲಿ ಅಡುಗೆ ಕಸದ ಗೊಬ್ಬರ ಮಾಡುವವರಿಗೆ ಒಣ ವಸ್ತು ಬೇಕೇ ಬೇಕು. ಹಲವರು ಅದಕ್ಕಾಗಿ ಕೊಕೊಪೀಟ್, ಅಂದರೆ ತೆಂಗಿನ ನಾರಿನ ಪುಡಿ ಕೊಳ್ಳುತ್ತಾರೆ. ಪುಡಿ ಮಾಡಿದ ಒಣ ಎಲೆ ಅದೇ ಕೆಲಸ ಮಾಡುತ್ತದೆ. ಗೋಣಿಚೀಲದಲ್ಲಿ ಎಲೆ ತುಂಬಿಟ್ಟು ‘ಬೇಕಾದವರು ಒಯ್ಯಿರಿ’ ಎಂದು ಗುಂಪಿಗೆ ಹಾಕಿ ನೋಡಿ. ನಮ್ಮಲ್ಲಿ ಮೊದಲ ಭಾನುವಾರವೇ ಚೀಲಗಳು ಖಾಲಿಯಾದವು. ಮೊದಲೇ ಇದನ್ನು ಮಾಡಿದ್ದರೆ ಒಂದು ವರ್ಷ ಉಳಿಯುತ್ತಿತ್ತು.

ಇವೆರಡನ್ನೂ ಮೀರಿ ಉಳಿಯುವ ಎಲೆಗೆ ಗೂಡು ಕಟ್ಟಬೇಕು. ಪಾರ್ಕಿನ ಮೂಲೆ, ಶಾಲೆಯ ಹಿತ್ತಲು, ಅಪಾರ್ಟ್‌ಮೆಂಟಿನ ಹಿಂಭಾಗ ಆಗಬಹುದು. ಫುಟ್‌ಪಾತ್ ಬೇಡ. ಟ್ರಾನ್ಸ್‌ಫಾರ್ಮರ್ ಹತ್ತಿರ ಖಂಡಿತ ಬೇಡ. ಯಾರದೋ ಕಿಟಕಿಗೆ ಅಂಟಿಕೊಂಡ ಹಾಗೂ ಇರಬಾರದು. ಸರ್ಕಾರಿ ಜಾಗವಾದರೆ ಒಪ್ಪಿಗೆಯನ್ನು ಪತ್ರದಲ್ಲೇ ಪಡೆಯಿರಿ. ಬಾಯಿಮಾತಿನ ಒಪ್ಪಿಗೆ ಅಧಿಕಾರಿ ವರ್ಗಾವಣೆಯಾದ ದಿನ ಮುಗಿಯುತ್ತದೆ.

ಐದನೇ ಹೆಜ್ಜೆ: ಎಲೆ ಗೂಡು ಕಟ್ಟುವ ಬಗೆ

ನಾಲ್ಕು ಅಡಿ ಎತ್ತರದ, ಹದಿಮೂರು ಅಡಿ ಉದ್ದದ ತಂತಿ ಜಾಲರಿ ತನ್ನಿ. ಅದನ್ನು ದುಂಡಗೆ ಬಗ್ಗಿಸಿ ತುದಿಗಳನ್ನು ತಂತಿಯಿಂದ ಬಿಗಿದರೆ ನಾಲ್ಕಡಿ ಅಗಲದ ಗೂಡಾಗುತ್ತದೆ. ಒಳಗೆ ಸುಮಾರು ಐವತ್ತು ಘನ ಅಡಿ ಜಾಗ. ಬೀಳದ ಹಾಗೆ ನಾಲ್ಕು ಸರ್ವೆ ಕಂಬ ನೆಟ್ಟು ಕಟ್ಟಿ. ಮಳೆಮರ, ಗುಲ್‌ಮೊಹರ್‌ನಂಥ ಪುಟ್ಟ ಎಲೆಗಳು ದೊಡ್ಡ ಕಣ್ಣಿನ ಜಾಲರಿಯಲ್ಲಿ ಉದುರಿಹೋಗುತ್ತವೆ. ಒಳಗಡೆ ಹಳೇ ಶೇಡ್ ನೆಟ್ ಹೊದಿಸಿದರೆ ನಿಲ್ಲುತ್ತವೆ. ತಳಕ್ಕೆ ಸಿಮೆಂಟ್ ಬೇಡ, ಗೂಡು ಮಣ್ಣಿನ ಮೇಲೇ ಕೂರಬೇಕು. ಎರೆಹುಳು, ಸೂಕ್ಷ್ಮಜೀವಿಗಳು ಬರುವ ದಾರಿ ಅದು.

ತಳದಲ್ಲಿ ಅರ್ಧ ಅಡಿ ತೆಂಗಿನ ಸಿಪ್ಪೆ, ಕಡ್ಡಿ, ಇಟ್ಟಿಗೆ ಚೂರು ಹಾಕಿ. ಕೆಳಗಿನಿಂದ ಗಾಳಿಯಾಡಲಿ. ಅದರ ಮೇಲೆ ಒಂದಡಿ ಎಲೆ ಹಾಕಿ ಚೆನ್ನಾಗಿ ತುಳಿಯಿರಿ. ಮಕ್ಕಳನ್ನು ಗೂಡಿಗಿಳಿಸಿದರೆ ಈ ಕೆಲಸ ತಾನಾಗಿ ಆಗುತ್ತದೆ. ಆಮೇಲೆ ಒಂದು ಬಕೆಟ್ ಸಗಣಿ ನೀರು, ಎರಡು ಹಿಡಿ ಹಳೇ ಗೊಬ್ಬರ ಅಥವಾ ತೋಟದ ಮಣ್ಣು. ಮತ್ತೆ ಎಲೆ, ಮತ್ತೆ ಸಗಣಿ ನೀರು. ಹೀಗೆ ತುಂಬುತ್ತ ಬನ್ನಿ.

ಸಗಣಿ ಯಾಕೆ ಬೇಕು? ಕೊಳೆಸುವ ಜೀವಿಗಳಿಗೆ ಇಂಗಾಲ ಮತ್ತು ಸಾರಜನಕ ಎರಡೂ ಬೇಕು. ಸುಮಾರು 25ರಿಂದ 30 ಪಾಲು ಇಂಗಾಲಕ್ಕೆ ಒಂದು ಪಾಲು ಸಾರಜನಕವಿದ್ದರೆ ಕೆಲಸ ಚುರುಕು. ಒಣ ಎಲೆಯಲ್ಲಿ ಇಂಗಾಲ ಅದರ ದುಪ್ಪಟ್ಟಿರಬಹುದು, ಸಾರಜನಕ ಮಾತ್ರ ಕಡಿಮೆ. ಊರಲ್ಲಿ ದರಕನ್ನು ಕೊಟ್ಟಿಗೆಗೆ ಹಾಸುತ್ತಿದ್ದ ಉಪಾಯವೂ ಇದೇ. ಹಸುವಿನ ಸಗಣಿ ಗಂಜಲ ಸೇರಿ ಆ ಕೊರತೆ ತುಂಬುತ್ತಿತ್ತು. ನಗರದಲ್ಲಿ ಸಗಣಿ ಸಿಗದಿದ್ದರೆ ಪಾರ್ಕಿನಲ್ಲಿ ಕತ್ತರಿಸಿದ ಹಸಿ ಹುಲ್ಲು ಹಾಕಬಹುದು. ದೇವಸ್ಥಾನದ ಬಾಡಿದ ಹೂವು ಆಗುತ್ತದೆ, ದಾರ ಮತ್ತು ಪ್ಲಾಸ್ಟಿಕ್ ಮಾತ್ರ ಬಿಡಿಸಿ. ದರ್ಶಿನಿ ಹೋಟೆಲಿನಲ್ಲಿ ಕೇಳಿದರೆ ಬಕೆಟ್‌ಗಟ್ಟಲೆ ಕಾಫಿ ಚರಟ ಕೊಡುತ್ತಾರೆ, ಅದೂ ಬಹಳ ಒಳ್ಳೆಯದು. ಅಡುಗೆಮನೆಯ ಕಸವನ್ನು ಮಾತ್ರ ಈ ಗೂಡಿಗೆ ತರಬೇಡಿ. ಇಲಿ ಬರುತ್ತದೆ, ನಾಯಿ ಬರುತ್ತದೆ, ಅದರ ಹಿಂದೆಯೇ ದೂರು ಬರುತ್ತದೆ.

ಇನ್ನು ನೀರು. ಗೂಡು ಕೆಲಸ ಮಾಡದಿದ್ದರೆ ಬಹುತೇಕ ಕಾರಣ ಇದೊಂದೇ. ಮೇಲಿನಿಂದ ಪೈಪ್ ಹಿಡಿದರೆ ಒಣ ಎಲೆ ಛತ್ರಿಯ ಹಾಗೆ ನೀರನ್ನು ಹೊರಕ್ಕೆ ಜಾರಿಸುತ್ತದೆ. ಪದರ ಪದರವಾಗಿ ತುಂಬುವಾಗಲೇ ನೆನೆಸಬೇಕು. ಒಂದು ಹಿಡಿ ಎಲೆ ಹಿಂಡಿದರೆ ಕೈ ಒದ್ದೆಯಾಗಬೇಕು, ನೀರು ಸುರಿಯಬಾರದು. ಎಲೆ ಉದುರುವ ಕಾಲವೇ ಬೆಂಗಳೂರಿನಲ್ಲಿ ನೀರಿಗೆ ತತ್ವಾರದ ಕಾಲ. 2024ರ ಬೇಸಿಗೆಯನ್ನು ಯಾರೂ ಮರೆತಿಲ್ಲ. ಕುಡಿಯುವ ನೀರನ್ನು ಇದಕ್ಕೆ ಹಾಕಬೇಡಿ. ದೊಡ್ಡ ಅಪಾರ್ಟ್‌ಮೆಂಟುಗಳ ಸಂಸ್ಕರಿಸಿದ ನೀರು ಸಾಕು, ಅಲ್ಲಿ ಅದು ಹೆಚ್ಚಾಗಿಯೇ ಇರುತ್ತದೆ.

ತುಂಬಿದ ವಾರದೊಳಗೆ ಒಂದು ಕಬ್ಬಿಣದ ಸರಳನ್ನು ನಡುವಿಗೆ ಚುಚ್ಚಿ, ಸ್ವಲ್ಪ ಹೊತ್ತು ಬಿಟ್ಟು ತೆಗೆದು ಮುಟ್ಟಿ. ಬಿಸಿ ತಾಗಿದರೆ ಗೂಡು ಜೀವಂತವಾಗಿದೆ. ಬಿಳಿ ಬೂಸು ಕಂಡರೆ ಹೆದರಬೇಡಿ, ಅದು ಎಲೆಯ ಗಟ್ಟಿ ನಾರನ್ನು ಒಡೆಯುವ ಶಿಲೀಂಧ್ರ. ಇರುವೆ ಕಟ್ಟಿದರೆ ಒಣಗಿದೆ ಎಂದರ್ಥ, ನೀರು ಬೇಕು. ನಾತ ಬಂದರೆ ನೀರು ಹೆಚ್ಚಾಗಿ ಗಾಳಿಯಾಡುತ್ತಿಲ್ಲ, ಕೋಲಿನಿಂದ ಕೆದಕಿ ಒಣ ಎಲೆ ಸೇರಿಸಿ. ಹದಿನೈದು ಇಪ್ಪತ್ತು ದಿನಕ್ಕೊಮ್ಮೆ ಮಗುಚಿದರೆ ಬೇಗ ಆಗುತ್ತದೆ, ಮಗುಚದಿದ್ದರೂ ಆಗುತ್ತದೆ. ಮಾವು, ಹಲಸಿನಂಥ ದಪ್ಪ ಎಲೆಗೆ ಸಮಯ ಹೆಚ್ಚು. ಫೆಬ್ರವರಿಯಲ್ಲಿ ತುಂಬಿದ್ದು ಮಳೆಗಾಲ ಮುಗಿಯುವ ಹೊತ್ತಿಗೆ ಕಪ್ಪಗೆ, ಹೊಸ ಮಳೆಯ ಮಣ್ಣಿನ ವಾಸನೆಯ ಗೊಬ್ಬರವಾಗಿರುತ್ತದೆ.

ಒಂದು ಎಚ್ಚರಿಕೆಯನ್ನು ಗಟ್ಟಿಯಾಗಿ ಹೇಳಬೇಕು: ಒಣಗಿದ ಎಲೆ ಗೂಡು ಒಂದು ಬೀಡಿ ತುಂಡಿಗೆ ಹೊತ್ತಿಕೊಳ್ಳುತ್ತದೆ. ಹಬ್ಬಕ್ಕೋ ರಜೆಗೋ ಎಲ್ಲರೂ ಊರಿಗೆ ಹೋಗುವ ಮೊದಲು ಗೂಡು ಒದ್ದೆ ಇದೆಯೇ ನೋಡಿ, ನೀರು ಹಾಕಲು ಒಬ್ಬರನ್ನು ಗೊತ್ತುಮಾಡಿ ಹೋಗಿ.

ಆರನೇ ಹೆಜ್ಜೆ: ಎಲೆಯ ದಾರಿಯನ್ನು ಒಪ್ಪಂದ ಮಾಡಿಕೊಳ್ಳಿ

ಗೂಡು ಕಟ್ಟಿದ ಮಾತ್ರಕ್ಕೆ ಎಲೆ ನಡೆದುಕೊಂಡು ಬರುವುದಿಲ್ಲ. ಪೌರಕಾರ್ಮಿಕರು, ಅವರ ಮೇಸ್ತ್ರಿ, ಹೆಲ್ತ್ ಇನ್ಸ್‌ಪೆಕ್ಟರ್, ನಿವಾಸಿಗಳು ಒಂದು ಕಡೆ ಕೂತು ಮಾತಾಡಬೇಕು. ನಮ್ಮಲ್ಲಿ ನಿಂತ ಏರ್ಪಾಡು ಹೀಗಿದೆ. ಗುಡಿಸಿದ ಎಲೆಯನ್ನು ಪೌರಕಾರ್ಮಿಕರು ಗೋಣಿಚೀಲಕ್ಕೆ ತುಂಬಿ ಮರದ ಕೆಳಗೆ ಇಡುತ್ತಾರೆ. ಚೀಲ ಕೊಡುವುದು ಸಂಘದ ಕೆಲಸ. ವಾರಕ್ಕೆ ಎರಡು ದಿನ ತಳ್ಳುಗಾಡಿಯವರೊಬ್ಬರು ಅವನ್ನು ಗೂಡಿಗೆ ಸಾಗಿಸುತ್ತಾರೆ. ಅವರ ಕೂಲಿಯನ್ನು ಮನೆಗಳೆಲ್ಲ ಹಂಚಿಕೊಳ್ಳುತ್ತವೆ. ಎಲೆಯ ಚೀಲ ಒಂದು ದಿನ ರಸ್ತೆಯಲ್ಲಿ ಉಳಿದರೂ ಯಾರೂ ದೂರು ಕೊಡುವುದಿಲ್ಲ ಎಂದು ನಿವಾಸಿಗಳು ಒಪ್ಪಿದ್ದೇವೆ, ಮೇಸ್ತ್ರಿಯೂ ಅದಕ್ಕೆ ಗದರುವುದಿಲ್ಲ.

ಎಲೆ ಹೊರುವ ಕೆಲಸವನ್ನು ಪೌರಕಾರ್ಮಿಕರ ಮೇಲೆ ಬಿಟ್ಟಿಯಾಗಿ ಹೊರಿಸಬೇಡಿ. ಅವರ ಬೀಟ್ ಈಗಾಗಲೇ ಉದ್ದ. ನಮಗೆ ಶುದ್ಧ ಗಾಳಿ ಬೇಕಾದರೆ ಅದರ ಕೂಲಿ ನಾವು ಕೊಡಬೇಕು. ಚೀಲದೊಳಗೆ ಕೈ ಹಾಕುವವರಿಗೆ ಗಾಜು, ಸಿರಿಂಜ್ ಚುಚ್ಚದ ಹಾಗೆ ದಪ್ಪ ಕೈಗವಸೂ ಬೇಕು.

ಏಳನೇ ಹೆಜ್ಜೆ: ಖಾಲಿ ಸೈಟು ಮತ್ತು ಮಿಶ್ರ ಕಸ

ಎಲೆಯ ಹೊಗೆ ನಿಂತ ಮೇಲೂ ಒಂದೆರಡು ಚುಕ್ಕಿ ನಕ್ಷೆಯಲ್ಲಿ ಉಳಿಯುತ್ತವೆ. ಅವು ಬಹುಮಟ್ಟಿಗೆ ಕಸ ಎಸೆಯುವ ಬ್ಲಾಕ್ ಸ್ಪಾಟ್‌ಗಳು. ಪ್ಲಾಸ್ಟಿಕ್ ಬೆರೆತ ಬೆಂಕಿ ಎಲೆಯ ಬೆಂಕಿಗಿಂತ ಕೆಟ್ಟದ್ದು. ಪಿವಿಸಿ ಪೈಪು, ವೈರು ಸುಟ್ಟರೆ ಡಯಾಕ್ಸಿನ್‌ನಂಥ ವಿಷ ಹುಟ್ಟುತ್ತದೆ. ಅಲ್ಲಿ ಎಸೆಯುವವರು ಯಾರು ಎಂದು ಒಂದು ವಾರ ನೋಡಿ. ಎರಡು ಮೂರು ಪಾಳಿ ದುಡಿಯುವ ಮನೆಯವರು, ಪಿಜಿಗಳಲ್ಲಿ ಇರುವ ಹುಡುಗರು ಬೆಳಗಿನ ಗಾಡಿಗೆ ಸಿಗುವುದಿಲ್ಲ. ರಾತ್ರಿ ಕವರಿನಲ್ಲಿ ಕಟ್ಟಿ ಎಸೆದು ಹೋಗುತ್ತಾರೆ. ಬೀದಿಯಲ್ಲಿ ಯಾರಾದರೂ ಒಬ್ಬರು ಅವರ ಬಕೆಟ್ ಇಟ್ಟುಕೊಂಡು ಬೆಳಗ್ಗೆ ಗಾಡಿಗೆ ಕೊಡಲು ಒಪ್ಪಿದರೆ ಅರ್ಧ ಸಮಸ್ಯೆ ಮುಗಿಯಿತು. ಜಾಗ ಸ್ವಚ್ಛ ಮಾಡಿದ ಅದೇ ದಿನ ಅಲ್ಲೊಂದು ಕಲ್ಲುಬೆಂಚು, ರಂಗೋಲಿ, ನಾಲ್ಕು ಕುಂಡ ಇಡಿ. ಖಾಲಿ ಬಿಟ್ಟರೆ ಮರುದಿನವೇ ಕವರು ಬೀಳುತ್ತದೆ.

ಎಂಟನೇ ಹೆಜ್ಜೆ: ಕಾನೂನನ್ನು ಕೈಯಲ್ಲಿಡಿ, ಕೊನೆಗೆ ಬಳಸಿ

ಏಳು ಹೆಜ್ಜೆ ಆದ ಮೇಲೂ ಸುಡುವವರಿದ್ದರೆ ಕಾನೂನು ನಿಮ್ಮ ಕಡೆಗಿದೆ. 1981ರ ವಾಯು ಕಾಯ್ದೆಯ 19ನೇ ಸೆಕ್ಷನ್ ಇಂಥ ಸುಡುವಿಕೆಯನ್ನು ನಿಷೇಧಿಸುವ ಅಧಿಕಾರವನ್ನು ರಾಜ್ಯ ಸರ್ಕಾರಕ್ಕೆ ಕೊಟ್ಟಿದೆ. ಬೀದಿ, ಬಯಲಲ್ಲಿ ಕಸ ಎಸೆಯಬಾರದು, ಸುಡಬಾರದು, ಹೂಳಬಾರದು ಎಂದು 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳಲ್ಲೇ ಬರೆದಿತ್ತು. ಅದೇ ವರ್ಷ ಡಿಸೆಂಬರ್ 22ರಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಬಯಲಲ್ಲಿ ಕಸ ಸುಡುವುದನ್ನು ದೇಶದಾದ್ಯಂತ ನಿಷೇಧಿಸಿ, ಸಣ್ಣ ಪ್ರಮಾಣಕ್ಕೆ 5,000 ರೂಪಾಯಿ, ದೊಡ್ಡ ರಾಶಿಗೆ 25,000 ರೂಪಾಯಿ ತೆರಬೇಕೆಂದು ಆದೇಶಿಸಿತು. ಈ ಆದೇಶ ಬಂದದ್ದು ಬೆಂಗಳೂರಿನವರೇ ಆದ ಆಲ್ಮಿತ್ರಾ ಪಟೇಲ್ ಅವರ ಮೊಕದ್ದಮೆಯಲ್ಲಿ. ನಗರಗಳ ಕಸದ ಬಗ್ಗೆ ಅವರು ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಿದ್ದು 1996ರಲ್ಲಿ, ಅದು ಮುಂದೆ ನ್ಯಾಯಮಂಡಳಿಗೆ ವರ್ಗವಾಯಿತು. ಇಪ್ಪತ್ತು ವರ್ಷ ಹಿಡಿದು ಕೂತ ಅವರ ತಾಳ್ಮೆಯನ್ನು ನಾನು ಆಗಾಗ ನೆನೆಯುತ್ತೇನೆ.

ದೂರು ಕೊಡುವಾಗ ನಿಮ್ಮ ಎರಡು ವಾರದ ಲೆಕ್ಕ ಉಪಯೋಗಕ್ಕೆ ಬರುತ್ತದೆ. ‘ದಿನಾ ಸುಡ್ತಾರೆ’ ಎಂಬ ದೂರಿಗೂ, ದಿನಾಂಕ, ಗಂಟೆ, ಜಾಗ ಬರೆದ ಪಟ್ಟಿಗೂ ಬರುವ ಉತ್ತರ ಬೇರೆ. ಉತ್ತರ ಬಾರದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಉತ್ತರ ಕೊಡಲು 30 ದಿನ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು, 150 ಪದ ಮೀರಬಾರದು. ‘ಕಳೆದ ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ನಮ್ಮ ವಾರ್ಡಿನಲ್ಲಿ ಕಸ ಸುಟ್ಟಿದ್ದಕ್ಕೆ ವಿಧಿಸಿದ ದಂಡಗಳ ಪಟ್ಟಿ ಕೊಡಿ’ ಎಂಬ ಒಂದು ಸಾಲು ಸಾಕು. ‘ಯಾಕೆ ಕ್ರಮ ಕೈಗೊಂಡಿಲ್ಲ’ ಎಂಬ ಪ್ರಶ್ನೆಗಿಂತ ದಾಖಲೆ ಕೇಳುವ ಅರ್ಜಿಗೆ ಉತ್ತರ ಸಿಗುತ್ತದೆ.

ದಂಡದ ದೂರನ್ನು ಕಟ್ಟಡದ ಗುತ್ತಿಗೆದಾರರು, ಸೈಟಿನ ಮಾಲೀಕರು, ವ್ಯಾಪಾರಿಗಳ ಮೇಲೆ ಕೊಡಿ. ಕೂಲಿಯವರ ಮೇಲೆ ಬೇಡ.

ಇದು ಹವಾಮಾನಕ್ಕೆ ಏನು ಮಾಡುತ್ತದೆ

ಸಭೆಗಳಲ್ಲಿ ಈ ಪ್ರಶ್ನೆ ಬರುತ್ತದೆ. ಎಲೆ ಕೊಳೆತರೂ ಇಂಗಾಲದ ಡೈಆಕ್ಸೈಡ್ ಹೊರಬರುತ್ತದಲ್ಲ ಎಂದು ಕೇಳುವವರಿದ್ದಾರೆ. ಹೌದು, ಬರುತ್ತದೆ. ಅದು ಮರ ಗಾಳಿಯಿಂದಲೇ ತೆಗೆದುಕೊಂಡಿದ್ದ ಇಂಗಾಲ, ಅದರಲ್ಲೊಂದು ಪಾಲು ಗೊಬ್ಬರವಾಗಿ ಮಣ್ಣಿನಲ್ಲಿ ಉಳಿಯುತ್ತದೆ. ಸುಟ್ಟಾಗ ಅದರ ಜೊತೆಗೆ ಮಸಿ ಹೋಗುತ್ತದೆ. ಈ ಕಪ್ಪು ಇಂಗಾಲ ಗಾಳಿಯಲ್ಲಿರುವುದು ಕೆಲವು ದಿನ, ಹೆಚ್ಚೆಂದರೆ ಕೆಲವು ವಾರ. ಆದರೆ ಅಷ್ಟರಲ್ಲೇ ಬಿಸಿಲನ್ನು ಹೀರಿ ತೀವ್ರವಾಗಿ ಕಾಯಿಸುತ್ತದೆ. ಹೊರಹೋಗುವುದು ನಿಂತರೆ ಪರಿಣಾಮವೂ ಬೇಗ ನಿಲ್ಲುತ್ತದೆ.

ಗೂಡಿನ ಕೆಲಸ ಮಾಡುತ್ತಾ ಬಡಾವಣೆಯವರು ಅಡುಗೆ ಕಸದ ಗೊಬ್ಬರಕ್ಕೂ ಬರುತ್ತಾರೆ, ಹವಾಮಾನದ ದೊಡ್ಡ ಲಾಭ ಅಲ್ಲಿದೆ. ಹಸಿ ಕಸ ಕಸದ ಗುಡ್ಡದಡಿ ಗಾಳಿಯಿಲ್ಲದೆ ಕೊಳೆತರೆ ಮೀಥೇನ್ ಹುಟ್ಟುತ್ತದೆ. ಇಪ್ಪತ್ತು ವರ್ಷದ ಲೆಕ್ಕದಲ್ಲಿ ಅದು ಇಂಗಾಲದ ಡೈಆಕ್ಸೈಡ್‌ಗಿಂತ 80 ಪಟ್ಟಿಗೂ ಹೆಚ್ಚು ಬಿಸಿ ಹಿಡಿಯುತ್ತದೆ. ಆ ಗುಡ್ಡಗಳ ಪಕ್ಕ ಬದುಕುವವರೂ ಇದ್ದಾರೆ. ಮಾವಳ್ಳಿಪುರದವರು, ಮಂಡೂರಿನವರು ನಮ್ಮ ಕಸದ ನಾತ ಮತ್ತು ಹೊಗೆಯನ್ನು ವರ್ಷಗಟ್ಟಲೆ ಉಂಡರು. 2014ರಲ್ಲಿ ಮಂಡೂರಿನ ಜನ ರಸ್ತೆಗಿಳಿದ ಮೇಲೆ ಅಲ್ಲಿಗೆ ಲಾರಿ ಹೋಗುವುದು ನಿಂತಿತು. 2023ರ ನವೆಂಬರಿನಲ್ಲಿ ಬೆಂಗಳೂರಿಗೆಂದೇ ಒಂದು ಹವಾಮಾನ ಕ್ರಿಯಾ ಯೋಜನೆ ಹೊರಬಂದಿದೆ. ಅದರಲ್ಲಿ ಘನತ್ಯಾಜ್ಯವೂ ಒಂದು ವಿಷಯ. ಅಧಿಕಾರಿಗಳಿಗೆ ಪತ್ರ ಬರೆಯುವಾಗ ಅದನ್ನು ನೆನಪಿಸಿ, ನೀವು ಕೇಳುತ್ತಿರುವುದು ಅವರದೇ ಯೋಜನೆಯಲ್ಲಿರುವ ಕೆಲಸ.

ಹಳ್ಳಿಯ ಕಡೆಯವರಿಗೂ ಒಂದು ಮಾತು. ಬೆಳಗಾವಿ, ಮಂಡ್ಯ ಕಡೆ ಕಬ್ಬು ಕಡಿದ ಮೇಲೆ ಉಳಿಯುವ ಒಣ ಗರಿಗೆ, ಅಂದರೆ ರವದಿಗೆ, ಬೆಂಕಿ ಹಾಕುವುದಿದೆ. ಅದನ್ನು ಸಾಲಿನ ನಡುವೆ ಹೊದಿಸಿ ಕೊಳೆಯಲು ಬಿಟ್ಟರೆ ಕಡಿದ ಬುಡದಿಂದ ಮತ್ತೆ ಚಿಗುರುವ ಕೂಳೆ ಬೆಳೆಗೆ ತೇವವೂ ಗೊಬ್ಬರವೂ ಆಗುತ್ತದೆ. ಮೇಲಿನ ಲೆಕ್ಕವೆಲ್ಲ ಅಲ್ಲಿಗೂ ಹೊಂದುತ್ತದೆ.

ವರ್ಷದ ವೇಳಾಪಟ್ಟಿ

ಅಕ್ಟೋಬರ್‌ನಲ್ಲಿ ಜಾಗದ ಒಪ್ಪಿಗೆಗೆ ಪತ್ರ ಬರೆಯಿರಿ. ನವೆಂಬರ್‌ನಲ್ಲಿ ಜಾಲರಿ, ಚೀಲ, ಕೈಗವಸು ತರಿಸಿ. ಡಿಸೆಂಬರ್ ಮೊದಲ ವಾರ ಹೊಗೆಯ ಲೆಕ್ಕ ಶುರುವಾಗಲಿ, ಪೌರಕಾರ್ಮಿಕರ ಜೊತೆಗಿನ ಸಭೆಯೂ ಆಗಲಿ. ಜನವರಿಯಿಂದ ಮಾರ್ಚ್ ಕೊನೆಯವರೆಗೆ ಎಲೆಯ ಸುಗ್ಗಿ. ಈ ಮೂರು ತಿಂಗಳು ಯಾರಾದರೂ ಇಬ್ಬರು ದಿನವೂ ಗೂಡಿನ ಕಡೆ ಹೋಗಿ ಬರಬೇಕು. ಏಪ್ರಿಲ್, ಮೇನಲ್ಲಿ ನೀರು ಹಾಕುವುದೊಂದೇ ಕೆಲಸ. ಮಳೆ ಶುರುವಾದ ಮೇಲೆ ಮೇಲೊಂದು ಹಳೇ ತಗಡೋ ಟಾರ್ಪಾಲೋ ಹೊದಿಸಿ, ಬದಿಯಿಂದ ಗಾಳಿಯಾಡಲು ಬಿಡಿ. ಸೆಪ್ಟೆಂಬರ್‌ನಲ್ಲಿ ಗೂಡು ಬಿಚ್ಚಿ ಜರಡಿ ಹಿಡಿಯಿರಿ. ಜರಡಿಯಲ್ಲಿ ಉಳಿದ ಅರೆಕೊಳೆತ ಎಲೆಯನ್ನು ಬಿಸಾಡಬೇಡಿ, ಮುಂದಿನ ಗೂಡಿಗೆ ಅದೇ ಹೆಪ್ಪು. ಗೊಬ್ಬರದಲ್ಲಿ ಪಾರ್ಕಿನ ಪಾಲು ಪಾರ್ಕಿಗೆ, ಗುಡಿಸಿದವರ ಪಾಲು ಗುಡಿಸಿದವರಿಗೆ. ನಮ್ಮ ಬೀದಿಯ ಅಕ್ಕ ಪ್ರತಿ ವರ್ಷ ಎರಡು ಚೀಲ ಒಯ್ಯುತ್ತಾರೆ, ಮನೆ ಮುಂದಿನ ಡ್ರಮ್ಮಿನಲ್ಲಿ ಬೆಳೆಸಿದ ಕರಿಬೇವಿಗೆ. ಉಳಿದದ್ದು ತಾರಸಿ ತೋಟದವರಿಗೆ ಮಾರಾಟ. ಆ ಹಣ ತಳ್ಳುಗಾಡಿಯವರ ಮುಂದಿನ ಕೂಲಿಗೆ. ನವೆಂಬರ್ ಹೊತ್ತಿಗೆ ಗೂಡು ಖಾಲಿ ಇರಬೇಕು, ಮೊದಲ ಎಲೆ ಉದುರುವ ಮುಂಚೆ.